ಕೊಡುವುದಕ್ಕೆಂದೇ ಕೊಂಡ ಆಟಗಾರ

ಆಟಗಾರರ ಹರಾಜು, ಅದಲು ಬದಲು ಎಂದರೆ ಅದು ಗಂಡಸರ ಮಾತು ಎಂದು ನಾವು ಹೆಂಗಸರು ಎದ್ದು ಅಡುಗೆಮನೆಗೆ ಹೋಗುವ ಕಾಲ ಮುಗಿಯಿತು. 2025ರ ನವೆಂಬರ್‌ನಲ್ಲಿ ಹೊಸಪೇಟೆಯ ನಮ್ಮ ಮನೆಯಲ್ಲಿ ಮೂರು ದಿನ ಇದೇ ಜಗಳ. ಚೆನ್ನೈ ತಂಡದವರು ರವೀಂದ್ರ ಜಡೇಜ ಅವರನ್ನು ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್ ಅವರನ್ನು ತಂದುಕೊಂಡರು. 2023ರ ಫೈನಲ್‌ನ ಕೊನೆಯ ಎರಡು ಚೆಂಡಿಗೆ ಒಂದು ಸಿಕ್ಸರ್, ಒಂದು ಬೌಂಡರಿ ಹೊಡೆದು ಆ ತಂಡಕ್ಕೆ ಕಪ್ ಗೆದ್ದುಕೊಟ್ಟವರು ಇದೇ ಜಡೇಜ. ಅದೇ ತಿಂಗಳು ಮುಹಮ್ಮದ್ ಶಮಿ ಅವರನ್ನು ಹೈದರಾಬಾದ್ ತಂಡ ಲಕ್ನೋಗೆ ಬಿಟ್ಟುಕೊಟ್ಟಿತು. ಹಿಂದಿನ ವರ್ಷವಷ್ಟೇ ಜಿದ್ದಾದಲ್ಲಿ ನಡೆದ ಹರಾಜಿನಲ್ಲಿ 10 ಕೋಟಿ ರೂಪಾಯಿ ಕೊಟ್ಟು ಕೊಂಡಿದ್ದರು. ಒಂದೇ ವರ್ಷ ಆಡಿಸಿ ಕಳಿಸಿಬಿಟ್ಟರು.

"ಇದರಲ್ಲಿ ತಪ್ಪೇನಿದೆ ಅಮ್ಮಿ?" ಎಂದು ನನ್ನ ಮಗನ ವಾದ. ಅವನು ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾನೆ, ಅಮೆರಿಕದ ತಂಡಗಳ ಹೆಸರೆಲ್ಲ ಬಾಯಿಪಾಠ. ಅಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರಂತೆ. ವಯಸ್ಸಾದ ಆಟಗಾರನನ್ನು ಆಡಿಸುವುದಕ್ಕಲ್ಲ, ಮುಂದೆ ಯಾರಿಗಾದರೂ ಕೊಟ್ಟು ಬೇರೊಬ್ಬನನ್ನು ಪಡೆಯುವುದಕ್ಕೆಂದೇ ತಂಡಕ್ಕೆ ಸೇರಿಸಿಕೊಳ್ಳುವುದು ಜಾಣತನ ಎನ್ನುವವರಿದ್ದಾರೆ. ಕಾರಣ ಅಲ್ಲಿನ ಲೆಕ್ಕಾಚಾರ. ಸಂಬಳದ ಮಿತಿ ದಾಟಿದ ತಂಡ ಆಟಗಾರರನ್ನು ಬದಲಾಯಿಸುವಾಗ ಬರುವವನ ಸಂಬಳಕ್ಕೆ ಹೆಚ್ಚುಕಡಿಮೆ ಸರಿಯಾಗುವಷ್ಟು ಸಂಬಳ ಆಚೆಗೂ ಹೋಗಬೇಕು. ಹೀಗಾಗಿ ಹಿರಿಯ ಆಟಗಾರ ತಕ್ಕಡಿಯಲ್ಲಿಡುವ ತೂಕದ ಕಲ್ಲಾಗುತ್ತಾನೆ. ಆಂಡ್ರೆ ಇಗ್ವಾಡಾಲ ಎಂಬಾತ ಗೋಲ್ಡನ್ ಸ್ಟೇಟ್ ತಂಡದೊಂದಿಗೆ 2019ಕ್ಕೆ ಮೊದಲೇ ಮೂರು ಬಾರಿ ಚಾಂಪಿಯನ್ ಆಗಿದ್ದವನು. 2019ರಲ್ಲಿ ಅವನನ್ನು ಮೆಂಫಿಸ್‌ಗೆ ಕಳಿಸಿದರು. ಅಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2020ರ ಫೆಬ್ರವರಿಯಲ್ಲಿ ಮಯಾಮಿಗೆ ದಾಟಿಸಿದರು.

ಇಗ್ವಾಡಾಲನ ಬಗ್ಗೆ ನನಗೇನೂ ಮರುಕವಿಲ್ಲ. ಕೂತಲ್ಲೇ ಕೋಟಿಗಟ್ಟಲೆ ಸಂಬಳ ಬಂತು, ದೂರ ಉಳಿಯಲು ಆತನೂ ಒಪ್ಪಿದ್ದ. ಆದರೆ ಆಡಿಸುವ ಮನಸ್ಸೇ ಇಲ್ಲದೆ ಒಬ್ಬನನ್ನು ಕೊಳ್ಳುವ ಮಾತು ಕೇಳಿದಾಗ ನನಗೆ ಹಂಪಿಯ ಕುದುರೆಗಳು ನೆನಪಾದವು. ಹಜಾರರಾಮ ದೇವಸ್ಥಾನದ ಆವರಣದ ಗೋಡೆಯ ಮೇಲೆ ಸಾಲು ಸಾಲು ಕುದುರೆಗಳನ್ನು ಕೆತ್ತಿದ್ದಾರೆ. ವಿಜಯನಗರಕ್ಕೆ ಕುದುರೆಗಳು ಬರುತ್ತಿದ್ದುದು ಹೋರ್ಮುಜ್, ಏಡನ್ ಕಡೆಯಿಂದ, ಹಡಗಿನಲ್ಲಿ. ಸಾಳುವ ನರಸಿಂಹನ ಬಗ್ಗೆ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಒಂದು ವಿಚಿತ್ರ ಸಂಗತಿ ಬರೆದಿದ್ದಾನೆ. ಸಮುದ್ರದಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಗೆ ಕೊಡುವಷ್ಟೇ ಹಣವನ್ನು ರಾಜ ಕೊಡುತ್ತಿದ್ದನಂತೆ. ವ್ಯಾಪಾರಿಗಳು ಮತ್ತೆ ಮತ್ತೆ ಬರಲಿ ಎಂದು ಇರಬೇಕು. ಕುದುರೆ ಬೇಡ, ಬಾಲ ಸಾಕು! ರಾಜನಿಗೆ ಅದು ಲಾಭದ ಲೆಕ್ಕವೇ ಇರಬಹುದು. ಆದರೆ ಆಟಗಾರನಿಗೆ ಬಾಲದ ಜೊತೆ ಜೀವವೂ ಇದೆಯಲ್ಲ.

ಇದು ದೂರದೂರಿನ ಮಾತೂ ಅಲ್ಲ. ನನ್ನ ತಮ್ಮ ಸಂಡೂರಿನಲ್ಲಿ ಲಾರಿ ರಿಪೇರಿ ಮಾಡುತ್ತಾನೆ. ವಯಸ್ಸು 39. ಒಂದು ಕಾಲಕ್ಕೆ ಒಳ್ಳೆಯ ಬೌಲರ್. ಈಗ ನಮ್ಮ ಕಡೆಯ ಊರೂರಲ್ಲೂ ಐಪಿಎಲ್ ಮಾದರಿಯ ಟೆನಿಸ್ ಬಾಲ್ ಪಂದ್ಯಾವಳಿಗಳು. ತಂಡಕ್ಕೊಬ್ಬ ಮಾಲೀಕ, ಪಾಯಿಂಟ್ ಲೆಕ್ಕದಲ್ಲಿ ಹರಾಜು. ಅವನು ಹೆಸರು ಕೊಟ್ಟಿದ್ದ ಕಡೆ ಪ್ರತಿ ತಂಡದಲ್ಲೂ 35 ದಾಟಿದ ಇಬ್ಬರು ಇರಲೇಬೇಕೆಂಬ ನಿಯಮ. ಅವನನ್ನು ಒಂದು ತಂಡ ಕೊಂಡಿತು. ಬೆನ್ನಿನ ಮೇಲೆ ಹೆಸರು ಬರೆಸಿದ ಟೀ ಶರ್ಟ್ ಬಂತು. ಅವನ ಮಗಳು ಅದನ್ನೇ ಹಾಕಿಕೊಂಡು ಮಲಗಿದಳು. ಕಂಪ್ಲಿಯಿಂದ ಅವನ ಅತ್ತೆಮನೆಯವರೂ ಪಂದ್ಯ ನೋಡಲು ಬರುವುದೆಂದಾಯಿತು. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಬಂದಾಗ ಅವನ ಹೆಸರು ಬೇರೆ ತಂಡದಲ್ಲಿ. ಆ ತಂಡಕ್ಕೆ ಹಿರಿಯರ ಲೆಕ್ಕದಲ್ಲಿ ಒಬ್ಬ ಕಡಿಮೆಯಾಗಿದ್ದ, ಇವರಿಗೆ ಅಲ್ಲಿನ ಒಬ್ಬ ಹುಡುಗ ಬೇಕಾಗಿದ್ದ. ಅದಕ್ಕೆಂದೇ ಮೊದಲೇ ಕೊಂಡಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಇವನಿಗೆ ಯಾರೂ ಫೋನ್ ಕೂಡ ಮಾಡಿರಲಿಲ್ಲ.

"ಆಪಾ, ಮೊದಲೇ ಹೇಳಿದ್ದರೆ ನಗುನಗುತ್ತಾ ಹೋಗುತ್ತಿದ್ದೆ" ಎಂದಷ್ಟೇ ಹೇಳಿದ. ಟೀ ಶರ್ಟ್ ವಾಪಸ್ ಕೇಳಲು ಹುಡುಗನೊಬ್ಬ ಬಂದ. ಮಗಳು ಕೊಡಲಿಲ್ಲ. ಒಳ್ಳೆಯದೇ ಮಾಡಿದಳು.

ಸಹೋದರಿಯರೇ, ಇದರ ನೋವು ನಮಗೆ ತಿಳಿಯದ್ದೇನಲ್ಲ. ಹುಡುಗಿ ನೋಡುವ ನೆಪದಲ್ಲಿ ಬಂದು, ಹೊಟ್ಟೆ ತುಂಬ ಬಿರಿಯಾನಿ ಉಂಡು, "ಆ ಮನೆಯವರು ಇಷ್ಟು ಕೊಡಲು ತಯಾರಿದ್ದಾರೆ" ಎಂದು ಇನ್ನೊಂದು ಮನೆಯಲ್ಲಿ ಚೌಕಾಸಿ ಮಾಡುವವರನ್ನು ನಾವು ನೋಡಿಲ್ಲವೇ? ಸಂಬಂಧ ಬೇಡವಾದರೆ ಬೇಡ ಎನ್ನಲಿ, ಅದಕ್ಕೆ ಯಾರೂ ಸಾಯುವುದಿಲ್ಲ. ಮೊದಲಿನಿಂದಲೂ ಬೇಡವಾಗಿದ್ದನ್ನು ಬೇಕು ಎಂದು ತೋರಿಸುತ್ತಾರಲ್ಲ, ಹುಡುಗಿಯನ್ನು ಸುಡುವುದು ಅದು.

ಮಗನ ವಾದದಲ್ಲೂ ಹುರುಳಿದೆ. "ಅದಲು ಬದಲು ಮಾಡಲು ಬರುತ್ತದೆ ಅಂತಲೇ ಮಾಮೂನಂಥವರನ್ನು ಯಾರಾದರೂ ಕೊಳ್ಳುತ್ತಾರೆ ಅಮ್ಮಿ. ಇಲ್ಲದಿದ್ದರೆ ಅವರು ಮನೆಯಲ್ಲೇ ಕೂರಬೇಕು" ಎನ್ನುತ್ತಾನೆ. ನಿಜ. ಇನ್ನೊಂದು ವರ್ಷದ ಸಂಬಳ, ಇನ್ನೊಂದು ವರ್ಷದ ಆಟ ಸಿಕ್ಕರೆ ಹಿರಿಯನಿಗೂ ಲಾಭವೇ. ನಮ್ಮ ನಾನಾ ಕಂಪ್ಲಿಯಲ್ಲಿ ಎತ್ತಿನ ವ್ಯಾಪಾರ ಮಾಡುತ್ತಿದ್ದರು. ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾಡುವವರು. ಮಾರಲೆಂದು ಕೊಂಡ ಎತ್ತನ್ನು ಅವರು ಮನೆ ಅಂಗಳಕ್ಕೆ ತರುತ್ತಿರಲಿಲ್ಲ, ಮಕ್ಕಳು ಹೆಸರಿಡಲು ಬಿಡುತ್ತಿರಲಿಲ್ಲ. ವ್ಯಾಪಾರ ವ್ಯಾಪಾರವಾಗಿ ಕಣ್ಣಿಗೆ ಕಾಣುತ್ತಿತ್ತು.

ಹಾಗಾಗಿ ನಾನು ಕೇಳುವುದು ಎರಡೇ. ಕೊಳ್ಳುವಾಗಲೇ ಹೇಳಿ. ಕಳಿಸುವಾಗ ಕೇಳಿ. ಇದು ಆಗದ ಹೋಗದ ಮಾತಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲೇ ಬೇಸಿಗೆಯಲ್ಲಿ ಹೊಸದಾಗಿ ಸೇರಿಸಿಕೊಂಡವನನ್ನು ಸಾಮಾನ್ಯವಾಗಿ ಡಿಸೆಂಬರ್ 15ರವರೆಗೆ ಬೇರೆಯವರಿಗೆ ಕೊಡುವಂತಿಲ್ಲ. ಅಲ್ಲಿನ ಬೇಸ್‌ಬಾಲ್‌ನಲ್ಲಿ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನಿದ್ದ. ಹನ್ನೆರಡು ವರ್ಷ ಸೇಂಟ್ ಲೂಯಿಸ್ ತಂಡದಲ್ಲಿದ್ದವನನ್ನು 1969ರಲ್ಲಿ ಬೇರೆ ತಂಡಕ್ಕೆ ಕೊಟ್ಟಾಗ, ನಾನು ಮಾರಿ ಕೊಳ್ಳುವ ಆಸ್ತಿಯಲ್ಲ ಎಂದು ಪತ್ರ ಬರೆದು ಹೋಗಲು ನಿರಾಕರಿಸಿದ. ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತ. ಮರುವರ್ಷವೇ ಒಂದು ನಿಯಮ ಬಂತು: ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಕಳಿಸುವಂತಿಲ್ಲ.

ಐಪಿಎಲ್‌ನಲ್ಲೂ ಆಟಗಾರನ ಒಪ್ಪಿಗೆ ಬೇಕು. ಆದರೆ ಆ ಸಹಿ ಹೇಗೆ ಬೀಳುತ್ತದೆ ಎಂಬುದಕ್ಕೆ ನಮ್ಮ ಕರ್ನಾಟಕದ ರಾಬಿನ್ ಉತ್ತಪ್ಪ ಅವರ ಮಾತು ಕೇಳಬೇಕು. 2009ರ ಐಪಿಎಲ್‌ಗೆ ಮುಂಚೆ ಅವರು ಮುಂಬೈಯಿಂದ ಬೆಂಗಳೂರಿಗೆ ಬಂದರು, ಜಹೀರ್ ಖಾನ್ ಅತ್ತ ಹೋದರು. ತನಗೆ ಹೋಗಲು ಮನಸ್ಸಿರಲಿಲ್ಲ, ಒತ್ತಡಕ್ಕೆ ಸಹಿ ಹಾಕಿದೆ, ಆ ದಿನಗಳಲ್ಲಿ ಖಿನ್ನತೆಗೆ ಜಾರಿದ್ದೆ ಎಂದು ವರ್ಷಗಳ ನಂತರ ಹೇಳಿಕೊಂಡರು. ಹರಾಜಿನಲ್ಲಿ ನಿಂತಾಗ ತಾವು ದನಗಳಂತೆ ಅನಿಸುತ್ತದೆ ಎಂದೂ 2022ರಲ್ಲಿ ಹೇಳಿದ್ದರು. ಬೆಂಗಳೂರಿಗೆ ಬರುವುದೇ ಅವರಿಗೆ ಖುಷಿ ಎಂದು ನಾವೆಲ್ಲ ಅಂದುಕೊಂಡಿದ್ದೆವು!

ಈ ವರ್ಷ ತಮ್ಮ ಮತ್ತೆ ಹೆಸರು ಕೊಟ್ಟಿದ್ದಾನೆ. ಅರ್ಜಿಯ ಕೆಳಗೆ ತನ್ನ ಕೈಯಿಂದಲೇ ಒಂದು ಸಾಲು ಸೇರಿಸಿದ್ದಾನೆ: ನನ್ನನ್ನು ಬೇರೆ ತಂಡಕ್ಕೆ ಕೊಡುವುದಿದ್ದರೆ ಮೊದಲು ನನ್ನನ್ನು ಕೇಳಬೇಕು. ನಡೆಸುವವರು ಓದಿ ನಕ್ಕು, "ನೋಡೋಣ ಭಾಯಿ" ಎಂದರಂತೆ. ಅರ್ಜಿಯನ್ನು ಮಾತ್ರ ವಾಪಸ್ ಕೊಟ್ಟಿಲ್ಲ. ಅವನು ದಿನಾ ಅಸರ್ ನಮಾಝ್ ಮುಗಿಸಿ ಮೈದಾನಕ್ಕೆ ಹೋಗಿ ಬೌಲಿಂಗ್ ಮಾಡುತ್ತಿದ್ದಾನೆ.