ಉಸಿರು ಸೋಕಬಾರದ ಚಿತ್ರಗಳ ಕಣಿವೆ

ಫ್ರಾನ್ಸಿನ ನೈರುತ್ಯ ಭಾಗದಲ್ಲಿ, ಪ್ಯಾರಿಸ್ಸಿನಿಂದ ಸುಮಾರು 500 ಕಿಲೋಮೀಟರ್ ದೂರದಲ್ಲಿ, ಲೆಜೇಜಿ ಎಂಬ ಸಣ್ಣ ಹಳ್ಳಿಯೊಂದಿದೆ. ಒಂದು ಕಡೆ ವೆಜೇರ್ ನದಿ, ಇನ್ನೊಂದು ಕಡೆ ಎತ್ತರದ ಸುಣ್ಣಕಲ್ಲಿನ ಬಂಡೆ. ಇವೆರಡರ ನಡುವೆ ಉದ್ದನೆಯ ಬೀದಿ. ಬಂಡೆಯ ಬುಡ ಒಳಕ್ಕೆ ಸವೆದು, ಮೇಲ್ಭಾಗ ಸೂರಿನಂತೆ ಮುಂದಕ್ಕೆ ಚಾಚಿಕೊಂಡಿದೆ. ಅದರ ಕೆಳಗಿನ ಕೆಲವು ಮನೆಗಳಿಗೆ ಬಂಡೆಯೇ ಹಿಂಗೋಡೆ. ಇಂತಹ ಸೂರಿನಡಿ ಮನುಷ್ಯ ವಾಸ ಮಾಡಲು ಆರಂಭಿಸಿದ್ದು ಇಂದು ನಿನ್ನೆಯಲ್ಲ, ಹತ್ತಾರು ಸಾವಿರ ವರ್ಷಗಳ ಹಿಂದೆ.

ಈ ಹಳ್ಳಿಯ ಹೆಸರು ಕೇಳದ ವಿದ್ಯಾರ್ಥಿಗಳೂ ಇಲ್ಲಿನ ಒಂದು ಗವಿಯ ಹೆಸರನ್ನು ಕೇಳಿರುತ್ತಾರೆ. ಅದು ಕ್ರೋಮ್ಯಾಗ್ನನ್. 1868ರಲ್ಲಿ, ಊರಿಗೆ ರೈಲು ಬಂದ ಹೊಸತರಲ್ಲಿ, ರಸ್ತೆ ಕೆಲಸಕ್ಕಾಗಿ ಮಣ್ಣು ತೆಗೆಯುತ್ತಿದ್ದ ಕೂಲಿಗಳಿಗೆ ಬಂಡೆಯ ಕೆಳಗೆ ಮನುಷ್ಯರ ಮೂಳೆಗಳು ಸಿಕ್ಕವು. ಭೂವಿಜ್ಞಾನಿ ಲೂಯಿ ಲಾರ್ತೆ ಅಲ್ಲಿ ಉತ್ಖನನ ನಡೆಸಿದರು. ಸ್ಥಳೀಯ ಮಾತಿನಲ್ಲಿ 'ಕ್ರೋ' ಎಂದರೆ ಪೊಟರೆ. ಹಳ್ಳಿಯ ಜನ ಪೊಟರೆಗೆ ಇಟ್ಟುಕೊಂಡಿದ್ದ ಹೆಸರೇ ಮುಂದೆ ಯೂರೋಪಿನ ಆದಿಮಾನವರಿಗೆ ಅಂಟಿಕೊಂಡು ಇತಿಹಾಸದ ಪಾಠಗಳನ್ನು ಸೇರಿತು.

ಇದೊಂದೇ ಅಲ್ಲ. ಹಳೆಯ ಶಿಲಾಯುಗವನ್ನು ವಿಂಗಡಿಸುವಾಗ ಬಳಸುವ 'ಮೌಸ್ಟೇರಿಯನ್', 'ಮ್ಯಾಗ್ಡಲೇನಿಯನ್' ಎಂಬ ಹೆಸರುಗಳೂ ಇದೇ ಕಣಿವೆಯ ಲೆ ಮೂಸ್ತಿಯೇ, ಲಾ ಮಾದ್ಲೆನ್ ಎಂಬ ಜಾಗಗಳಿಂದ ಬಂದವು. 1864ರಲ್ಲಿ ಲಾ ಮಾದ್ಲೆನ್‌ನಲ್ಲಿ ಮ್ಯಾಮತ್ ದಂತದ ತುಂಡೊಂದು ಸಿಕ್ಕಿತು. ಅದರ ಮೇಲೆ ಮ್ಯಾಮತ್ತಿನದೇ ಚಿತ್ರ ಕೊರೆದಿತ್ತು! ಅಳಿದುಹೋದ ಆ ಪ್ರಾಣಿಯನ್ನು ಮನುಷ್ಯ ಕಣ್ಣಾರೆ ಕಂಡಿದ್ದ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮೇಷ್ಟರು ಕಂಡ ಗುಹೆಗಳು

ಲೆಜೇಜಿಯ ಶಾಲೆಯಲ್ಲಿ ಡೆನಿ ಪೆರೋನಿ ಎಂಬ ಮೇಷ್ಟರಿದ್ದರು. ಪಾಠ ಮುಗಿದ ಮೇಲೆ ಸುತ್ತಲಿನ ಗವಿಗಳನ್ನು ಹುಡುಕುವುದು ಅವರ ಹವ್ಯಾಸ. 1901ರ ಸೆಪ್ಟೆಂಬರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಊರಿನ ಪಕ್ಕದ ಎರಡು ಗುಹೆಗಳ ಕಲೆ ಬೆಳಕಿಗೆ ಬಂತು. ಮೊದಲನೆಯದು ಕೋಂಬಾರೆಲ್, ಅಲ್ಲಿ ಕಲ್ಲಿನ ಮೇಲೆ ಗೀರಿದ ನೂರಾರು ಚಿತ್ರಗಳಿವೆ. ಎರಡನೆಯದು ಫೋಂ-ದ-ಗೋಮ್, ಇಲ್ಲಿ ಗೀರುಗಳ ಜೊತೆ ಬಣ್ಣವೂ ಇದೆ. ಬಂಡೆಯ ಉಬ್ಬುತಗ್ಗುಗಳನ್ನೇ ಬಳಸಿಕೊಂಡು ಬೈಸನ್‌ಗಳ ಹೊಟ್ಟೆ, ಭುಜಗಳನ್ನು ಕಲಾವಿದರು ಮೂಡಿಸಿದ್ದಾರೆ. ಎದುರುಬದುರಾಗಿ ನಿಂತ ಎರಡು ಹಿಮಸಾರಂಗಗಳ ಚಿತ್ರವಂತೂ ಬಹಳ ಪ್ರಸಿದ್ಧ. ಮೊಣಕಾಲೂರಿದ ಹೆಣ್ಣಿನ ಹಣೆಯನ್ನು ಗಂಡು ನೆಕ್ಕುತ್ತಿದೆ.

ಫ್ರಾನ್ಸಿನಲ್ಲಿ ಬಣ್ಣದ ಮೂಲ ಚಿತ್ರಗಳನ್ನು ಜನಸಾಮಾನ್ಯರು ಈಗಲೂ ನೋಡಬಹುದಾದ ಅಪರೂಪದ ಗುಹೆ ಇದು. ಆದರೆ ಒಳಗೆ ಬಿಡುವುದು ಸಣ್ಣ ಸಣ್ಣ ಗುಂಪುಗಳನ್ನು ಮಾತ್ರ, ಅದೂ ದಿನಕ್ಕೆ ಇಷ್ಟೇ ಜನ ಎಂಬ ಲೆಕ್ಕದಲ್ಲಿ. ಗೋಡೆ ಮುಟ್ಟುವಂತಿಲ್ಲ, ಫೋಟೋ ತೆಗೆಯುವಂತಿಲ್ಲ.

ಪೆರೋನಿಯವರ ಪ್ರಯತ್ನದಿಂದಲೇ ಬಂಡೆಗೆ ಒರಗಿದ್ದ ಪಾಳು ಕೋಟೆಯಲ್ಲಿ ವಸ್ತುಸಂಗ್ರಹಾಲಯವೂ ಆರಂಭವಾಯಿತು. ಅದೇ ಇಂದಿನ ರಾಷ್ಟ್ರೀಯ ಪ್ರಾಗಿತಿಹಾಸ ಸಂಗ್ರಹಾಲಯ. 2004ರಲ್ಲಿ ಅದಕ್ಕೆ ಹೊಸ ಕಟ್ಟಡ ಸೇರಿತು. ಕಲ್ಲಿನ ಆಯುಧಗಳು, ಮೂಳೆಯ ಸೂಜಿಗಳು, ಕೊರೆದ ಕೊಂಬುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿರುವುದರಿಂದ ಗುಹೆಗಳಿಗೆ ಹೋಗುವ ಮೊದಲೇ ಇದನ್ನು ನೋಡುವುದು ಒಳ್ಳೆಯದು. ಬಂಡೆಯಂಚಿನ ಜಗಲಿಯಲ್ಲಿ 1931ರಲ್ಲಿ ನಿಲ್ಲಿಸಿದ ಆದಿಮಾನವನ ದೊಡ್ಡ ಪ್ರತಿಮೆಯಿದ್ದು, ಅಲ್ಲಿಂದ ನದಿ ಮತ್ತು ಊರು ಚೆನ್ನಾಗಿ ಕಾಣುತ್ತವೆ.

ರೈಲಿನಲ್ಲಿ ಗುಹೆಯೊಳಗೆ

ಮಕ್ಕಳಿಗೆ ಅತ್ಯಂತ ಇಷ್ಟವಾಗುವುದು ರುಫಿನ್ಯಾಕ್ ಗುಹೆ. ಎಂಟು ಕಿಲೋಮೀಟರಿನಷ್ಟು ಸುರಂಗಗಳಿರುವ ಈ ಗುಹೆಯೊಳಕ್ಕೆ ಪುಟ್ಟ ವಿದ್ಯುತ್ ರೈಲು ಕರೆದೊಯ್ಯುತ್ತದೆ. ದಾರಿಯಲ್ಲಿ, ಚಳಿಗಾಲದ ದೀರ್ಘ ನಿದ್ದೆಗಾಗಿ ಕರಡಿಗಳು ಮಾಡಿಕೊಂಡಿದ್ದ ಗುಂಡಿಗಳೂ ಗೋಡೆಯ ಮೇಲೆ ಅವುಗಳ ಉಗುರಿನ ಗೀರುಗಳೂ ಕಾಣಸಿಗುತ್ತವೆ. ನಂತರ ಮ್ಯಾಮತ್‌ಗಳು ಬರುತ್ತವೆ, ಒಂದೆರಡಲ್ಲ, ನೂರೈವತ್ತಕ್ಕೂ ಹೆಚ್ಚು! ಕಪ್ಪು ಗೆರೆಯಲ್ಲಿ ಸಲೀಸಾಗಿ ಎಳೆದ ಚಿತ್ರಗಳಿವು.

ಇದೇ ಗುಹೆಯ ಸೂರಿನಲ್ಲಿ ಇನ್ನೊಂದು ನೋಟವೂ ಇದೆ. ಹಿಂದಿನ ಶತಮಾನಗಳಲ್ಲಿ ಬಂದುಹೋದವರು ದೀಪದ ಮಸಿಯಿಂದ ತಮ್ಮ ಹೆಸರುಗಳನ್ನು ಅಲ್ಲಿ ಬರೆದಿದ್ದಾರೆ. ಈ ಗುಹೆ ಊರವರಿಗೆ ಮೊದಲೇ ಗೊತ್ತಿತ್ತು. ಆದರೆ ಅದರಲ್ಲಿರುವುದು ಶಿಲಾಯುಗದ ಚಿತ್ರಗಳೆಂದು ವಿದ್ವಾಂಸರು ಗುರುತಿಸಿದ್ದು 1956ರಲ್ಲಿ. ಏನೆಂದು ತಿಳಿಯದವರು ಅದರ ಮೇಲೆಯೇ ಹೆಸರು ಗೀಚಿದರು. ಚಿತ್ರಗಳ ಬೆಲೆ ಚೆನ್ನಾಗಿ ತಿಳಿದಿದ್ದವರಿಂದಲೂ ಹಾನಿಯಾಗಬಹುದು ಎಂಬುದಕ್ಕೆ ಈ ಕಣಿವೆಯ ಅತ್ಯಂತ ಪ್ರಸಿದ್ಧ ಗುಹೆಯೇ ಉದಾಹರಣೆ.

ಲಾಸ್ಕೋ: ನಾಲ್ವರು ಹುಡುಗರ ಶೋಧ

ಲೆಜೇಜಿಯಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಅದೇ ನದಿಯ ಮೇಲ್ದಂಡೆಯಲ್ಲಿ ಮೊಂತಿನ್ಯಾಕ್ ಊರಿದೆ. 1940ರ ಸೆಪ್ಟೆಂಬರ್ 12ರಂದು ಊರ ಹೊರಗಿನ ಗುಡ್ಡದ ಮೇಲೆ ಮಾರ್ಸೆಲ್ ರವಿದಾ, ಜಾಕ್ ಮಾರ್ಸಾಲ್, ಜಾರ್ಜ್ ಅನ್ಯೆಲ್, ಸಿಮೋನ್ ಕೋಯೆಂಕಾಸ್ ಎಂಬ ನಾಲ್ವರು ಹುಡುಗರು ಕಿರಿದಾದ ಬಿಲವೊಂದನ್ನು ಅಗಲಿಸಿ ಒಳಗೆ ಇಳಿದರು. ಅವರೆಲ್ಲ 13ರಿಂದ 18 ವರ್ಷದವರು. ದೀಪ ಎತ್ತಿ ನೋಡಿದರೆ ಗೋಡೆಯ ತುಂಬ ಕುದುರೆಗಳು, ಜಿಂಕೆಗಳು, ಆರಾಕ್ಸ್ ಎಂಬ, ಈಗ ಅಳಿದುಹೋಗಿರುವ ಕಾಡುದನಗಳು! ಒಂದು ಹೋರಿಯಂತೂ ಐದು ಮೀಟರಿಗಿಂತ ಉದ್ದ.

ಹುಡುಗರು ಹೋಗಿ ಹೇಳಿದ್ದು ಊರಿನ ನಿವೃತ್ತ ಮೇಷ್ಟರು ಲೆಯೋನ್ ಲವಾಲ್ ಅವರಿಗೆ. ಕೆಲವೇ ದಿನಗಳಲ್ಲಿ ಪ್ರಸಿದ್ಧ ವಿದ್ವಾಂಸ ಆಬೆ ಬ್ರೂಯಿ ಬಂದು ಚಿತ್ರಗಳು ನಿಜವಾಗಿಯೂ ಶಿಲಾಯುಗದವೆಂದು ದೃಢಪಡಿಸಿದರು. ಜನ ನುಗ್ಗಿ ಹಾಳುಮಾಡದಂತೆ ಹುಡುಗರೇ ಬಾಯಿಯ ಬಳಿ ಡೇರೆ ಹಾಕಿ ಕಾವಲು ಕಾದರು. ಯಹೂದಿ ಕುಟುಂಬದ ಕೋಯೆಂಕಾಸ್ ಮಾತ್ರ ಬೇಗನೆ ಪ್ಯಾರಿಸ್ಸಿಗೆ ಮರಳಿದ. ಯುದ್ಧದಲ್ಲಿ ಅವನ ತಂದೆತಾಯಿ ಆಶ್ವಿಟ್ಜ್‌ನಲ್ಲಿ ಪ್ರಾಣ ಕಳೆದುಕೊಂಡರು. ನಾಲ್ವರಲ್ಲಿ ಕೊನೆಯವರಾಗಿ ಉಳಿದಿದ್ದ ಅವರು ತೀರಿಕೊಂಡದ್ದು 2020ರಲ್ಲಿ.

ಲಾಸ್ಕೋದ ಚಿತ್ರಗಳು ಸುಮಾರು 17 ಸಾವಿರದಿಂದ 21 ಸಾವಿರ ವರ್ಷ ಹಳೆಯವೆಂದು ಅಂದಾಜು. ಕೆಂಪು, ಹಳದಿಗೆ ಕಬ್ಬಿಣದ ಅಂಶವಿರುವ ಮಣ್ಣು, ಕಪ್ಪಿಗೆ ಮ್ಯಾಂಗನೀಸ್. ಬೆಳಕಿಗೆ ಪ್ರಾಣಿಗಳ ಕೊಬ್ಬು ಉರಿಸುವ ಕಲ್ಲಿನ ಹಣತೆ. ಇನ್ನೊಂದು ವಿಚಿತ್ರವೆಂದರೆ, ಆ ಜನ ಹೆಚ್ಚಾಗಿ ತಿನ್ನುತ್ತಿದ್ದುದು ಹಿಮಸಾರಂಗವನ್ನು. ಆದರೆ ಇಲ್ಲಿನ ನೂರಾರು ಪ್ರಾಣಿಗಳ ನಡುವೆ ಹಿಮಸಾರಂಗದ ಚಿತ್ರ ಒಂದೇ ಒಂದು!

1948ರಲ್ಲಿ ಗುಹೆಯ ಬಾಯಿ ಅಗಲಿಸಿ, ಮೆಟ್ಟಿಲು ಕಟ್ಟಿ, ವಿದ್ಯುದ್ದೀಪ ಹಾಕಿ ಪ್ರವಾಸಿಗರಿಗೆ ತೆರೆದರು. ರವಿದಾ ಮತ್ತು ಮಾರ್ಸಾಲ್ ಅಲ್ಲಿಯೇ ಮಾರ್ಗದರ್ಶಿಗಳಾದರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಬರತೊಡಗಿದರು. ಬಂದವರು ಗೋಡೆ ಕೆರೆಯಲಿಲ್ಲ, ಹೆಸರು ಬರೆಯಲಿಲ್ಲ. ಬರೀ ನಿಂತು ನೋಡಿದರು, ಉಸಿರಾಡಿದರು. ಅಷ್ಟೇ ಸಾಕಾಯಿತು. ಉಸಿರಿನ ಇಂಗಾಲದ ಡೈಆಕ್ಸೈಡ್, ತೇವ ಮತ್ತು ಮೈಯ ಶಾಖದಿಂದ ಸಾವಿರಾರು ವರ್ಷ ಬದಲಾಗದೆ ಇದ್ದ ಗುಹೆಯ ಹವೆ ಕೆಟ್ಟಿತು. ದೀಪದ ಬೆಳಕಿಗೆ ಗೋಡೆಯ ಮೇಲೆ ಹಸಿರು ಪಾಚಿ ಬೆಳೆಯಿತು. ಸುಣ್ಣದ ಬಿಳಿ ಪೊರೆ ಕಟ್ಟತೊಡಗಿತು. ಇವುಗಳಿಗೆ 'ಹಸಿರು ರೋಗ', 'ಬಿಳಿ ರೋಗ' ಎಂದೇ ಹೆಸರು ಬಿತ್ತು.

1963ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಿಸಿದರು. ಊರಿಗೆ ಬರುತ್ತಿದ್ದ ಪ್ರವಾಸಿಗರ ಆದಾಯಕ್ಕಿಂತ ಚಿತ್ರಗಳು ದೊಡ್ಡವು ಎಂದು ಆಗ ತೀರ್ಮಾನಿಸಿದ್ದರಿಂದಲೇ ಅವು ಇಂದಿಗೂ ಉಳಿದಿವೆ. ಆದರೂ ಕಾಟ ತಪ್ಪಲಿಲ್ಲ. 2001ರಲ್ಲಿ ಬಿಳಿ ಬೂಷ್ಟು, ನಂತರದ ವರ್ಷಗಳಲ್ಲಿ ಕಪ್ಪು ಕಲೆಗಳು ಕಾಣಿಸಿಕೊಂಡವು. ಈಗ ಒಳಗೆ ಹೋಗುವವರು ಸಂರಕ್ಷಣೆಯ ಕೆಲಸದವರು ಮತ್ತು ಬೆರಳೆಣಿಕೆಯ ವಿಜ್ಞಾನಿಗಳು, ಅವರೂ ಸ್ವಲ್ಪ ಹೊತ್ತು ಮಾತ್ರ.

ಪ್ರವಾಸಿಗರು ನೋಡುವುದು ಪ್ರತಿಕೃತಿಗಳನ್ನು. 1983ರಲ್ಲಿ ಮೂಲ ಗುಹೆಯಿಂದ ಸುಮಾರು 200 ಮೀಟರ್ ದೂರದಲ್ಲಿ 'ಲಾಸ್ಕೋ 2' ತೆರೆಯಿತು. ಅದರ ಚಿತ್ರಗಳಿಗಾಗಿ ಕಲಾವಿದೆ ಮೋನಿಕ್ ಪೇತ್ರಾಲ್ ವರ್ಷಗಟ್ಟಲೆ ದುಡಿದರು. 2016ರ ಡಿಸೆಂಬರಿನಲ್ಲಿ ಗುಡ್ಡದ ಬುಡದಲ್ಲಿ ತೆರೆದ 'ಲಾಸ್ಕೋ 4' ಬಹುತೇಕ ಇಡೀ ಗುಹೆಯ ನಕಲು. ನಕಲನ್ನು ನೋಡಲು ಅಷ್ಟು ದೂರ ಹೋಗಬೇಕೆ ಎಂದು ಮಕ್ಕಳು ಕೇಳಬಹುದು. ಅಸಲು ಏಕೆ ಮುಚ್ಚಿದೆ ಎಂದು ತಂದೆತಾಯಿಗಳು ಆಗ ಹೇಳಿಕೊಟ್ಟರೆ, ಇಂಗಾಲದ ಡೈಆಕ್ಸೈಡಿನ ಪಾಠವನ್ನು ಅವರು ಜನ್ಮದಲ್ಲಿ ಮರೆಯಲಾರರು.

ಬಂಡೆಯ ಊರು, ನದಿಯ ಕೋಟೆಗಳು

ಗುಹೆಗಳ ಕತ್ತಲಿನಿಂದ ಹೊರಬಂದವರಿಗೆ ನದಿಯೇ ವಿಶ್ರಾಂತಿ. ಬೇಸಿಗೆಯಲ್ಲಿ ವೆಜೇರ್‌ನಲ್ಲಿ ಸಣ್ಣ ದೋಣಿಗಳನ್ನು ಬಾಡಿಗೆಗೆ ಪಡೆದು ಬಂಡೆಗಳ ಕೆಳಗೆ ತೇಲುತ್ತಾ ಸಾಗಬಹುದು. ಲಾ ರೋಕ್ ಸೇಂಟ್ ಕ್ರಿಸ್ತೋಫ್ ಎಂಬಲ್ಲಿ ಒಂದು ಕಿಲೋಮೀಟರ್ ಉದ್ದ, 80 ಮೀಟರ್ ಎತ್ತರದ ಬಂಡೆಯಲ್ಲಿ ಐದು ಅಂತಸ್ತುಗಳಲ್ಲಿ ಜನ ವಾಸವಾಗಿದ್ದರು. ಧಾರ್ಮಿಕ ಯುದ್ಧಗಳ ಕಾಲದಲ್ಲಿ, 1588ರಲ್ಲಿ, ಈ ಬಂಡೆಯೂರನ್ನು ಕೆಡವಲಾಯಿತು. ತೊಲೆಗಳಿಗಾಗಿ ಕೊರೆದ ತೂತುಗಳು ಮಾತ್ರ ಸಾಲುಸಾಲಾಗಿ ಉಳಿದಿವೆ.

ಲೆಜೇಜಿಯಿಂದ ಸುಮಾರು 20 ಕಿಲೋಮೀಟರ್ ದೂರದ ಸಾರ್ಲಾ ಪಟ್ಟಣ ಮಧ್ಯಯುಗದ ಕಲ್ಲುಮನೆಗಳಿಗೂ ಶನಿವಾರದ ಸಂತೆಗೂ ಹೆಸರುವಾಸಿ. ಈ ಸೀಮೆಯ ಅಕ್ರೋಟು ಕೊಳ್ಳಲು ಇದು ಒಳ್ಳೆಯ ಜಾಗ. ಅಲ್ಲಿಂದ ಮುಂದೆ ದೋರ್ದೋನ್ ನದಿಯ ಎರಡು ದಡಗಳಲ್ಲಿ ಬೆನಾಕ್ ಮತ್ತು ಕಾಸ್ಟೆಲ್ನೋ ಕೋಟೆಗಳು ಇಂದಿಗೂ ಒಂದನ್ನೊಂದು ದಿಟ್ಟಿಸುತ್ತಾ ನಿಂತಿವೆ. ಫ್ರೆಂಚರಿಗೂ ಇಂಗ್ಲಿಷರಿಗೂ 1337ರಿಂದ 1453ರವರೆಗೆ ನಡೆದ ಯುದ್ಧದಲ್ಲಿ ಇವು ಎದುರಾಳಿಗಳಾಗಿದ್ದವು.

ಹೋಗುವವರಿಗೆ

ಪೆರಿಗೋ ಪಟ್ಟಣದಿಂದ ಲೆಜೇಜಿಗೆ ರೈಲಿದೆ. ದೂರ ಸುಮಾರು 45 ಕಿಲೋಮೀಟರ್. ಸಂಗ್ರಹಾಲಯ, ಫೋಂ-ದ-ಗೋಮ್‌ಗಳಿಗೆ ಊರಿನಿಂದ ನಡೆದೇ ಹೋಗಬಹುದು. ರುಫಿನ್ಯಾಕ್, ಮೊಂತಿನ್ಯಾಕ್‌ಗಳಿಗೆ ವಾಹನ ಬೇಕು. ಈ ಕಣಿವೆಯ 15 ಪ್ರಾಗಿತಿಹಾಸ ತಾಣಗಳು 1979ರಲ್ಲಿಯೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಫೋಂ-ದ-ಗೋಮ್ ಮತ್ತು ಕೋಂಬಾರೆಲ್‌ಗಳಿಗೆ ಟಿಕೆಟ್ಟು ಮೊದಲೇ ಕಾದಿರಿಸಬೇಕು. ಹೊರಗೆ ಎಷ್ಟೇ ಬಿಸಿಲಿದ್ದರೂ ಗುಹೆಯೊಳಗೆ ಚಳಿ. ಮಕ್ಕಳಿಗೆ ಸ್ವೆಟರ್ ಜೊತೆಯಲ್ಲಿರಲಿ.