ಉಚಿತ ಬ್ಯಾರೆ, ಮುಕ್ತ ಬ್ಯಾರೆ



ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಮ್ಮ ಹುಡುಗರು ಆಗಾಗ ಕೇಳ್ತಾರ: "ಅಣ್ಣಾ, ಸಾಫ್ಟ್‌ವೇರ್ ಕೆಲವರು ಮಾರ್ತಾರ, ಕೆಲವರು ಪುಕ್ಕಟೆ ಕೊಡ್ತಾರ. ಕೊಡೋರಿಗೆ ಏನ್ ಲಾಭ?" ಆಫೀಸಿನ್ಯಾಗ ದಿನಪೂರ್ತಿ ಕನ್ನಡ ಟೈಪ್ ಮಾಡೋ ಗುಮಾಸ್ತ ನಾನು. ತಿಳಿದಷ್ಟು ಹೇಳ್ತೀನಿ.

ಮಾರೋರ ಲೆಕ್ಕ ಸರಳ. ಸಂಬಳ ಕೊಟ್ಟು ಮಾಡಿಸ್ತಾರ, ಹಾಕಿದ ರೊಕ್ಕ ತೆಗೀತಾರ. ದುಡಿಮೆಗೆ ಕೂಲಿ ಕೇಳೋದನ್ನ ತಪ್ಪು ಅನ್ನಾಕ, ತಲೆಮಾರುಗಟ್ಟಲೆ ಬಿಟ್ಟಿ ಚಾಕರಿ ಮಾಡಿದ ನಮಗ ಆಗಂಗಿಲ್ಲ.

ಕೊಡೋರ ಮನಸ್ಸೂ ಒಂದೇ ಥರ ಇಲ್ಲ. ಕೆ.ಪಿ. ರಾವ್ ಅವರು ತಾವು ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸವನ್ನ ಎಲ್ಲರಿಗೂ ಬಿಟ್ಟುಕೊಟ್ರು. ಇವತ್ತು ನುಡಿಯಲ್ಲಿ ನಾವು ಟೈಪ್ ಮಾಡೋದು ಅದರ ಆಧಾರದ ಮ್ಯಾಲೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ್ದು ಹವ್ಯಾಸಕ್ಕ. ಹಂಗಂತ ಅಲ್ಲಿ ರೊಕ್ಕ ಇಲ್ಲ ಅನ್ಕೋಬ್ಯಾಡ್ರಿ. ಲಿನಕ್ಸ್ ನಂಬಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನ 2019ರಲ್ಲಿ ಐಬಿಎಂ ಕೊಂಡದ್ದು 3400 ಕೋಟಿ ಡಾಲರ್‌ಗೆ.

ಅದಕ್ಕ ನಾನು ಮಾಡಿದವರ ಮನಸ್ಸಿಗಿಂತ ಮೊದಲು ಕೇಳೋದು ಇಷ್ಟೇ: ಕೀಲಿ ಯಾರ ಕೈಯಾಗೈತಿ? ಉಚಿತ ಅಂದ್ರ ರೊಕ್ಕ ಕೇಳಂಗಿಲ್ಲ. ಮುಕ್ತ ಅಂದ್ರ ಒಳಗಿನ ಕೋಡ್ ನೋಡಬಹುದು, ತಿದ್ದಬಹುದು, ಹಂಚಬಹುದು. 1998ರಲ್ಲಿ ಬಂದ 'ಬರಹ' ಉಚಿತವಾಗಿತ್ತು, ಕನ್ನಡಕ್ಕ ದೊಡ್ಡ ಉಪಕಾರ ಮಾಡ್ತು. ಮುಂದೆ ಅದಕ್ಕ ಬೆಲೆ ಬಂತು. ಗುಬ್ಬಿ, ನವಿಲು ಫಾಂಟ್‌ಗಳು ಮುಕ್ತ ಪರವಾನಗಿಯಲ್ಲಿ ಅದಾವ. ಮಾಡಿದವರು ಬಿಟ್ರೂ ಇನ್ನೊಬ್ಬರು ಮುಂದುವರಿಸಬಹುದು.

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದದ್ದು ಪುಕ್ಕಟೆ ನೀರಿಗಲ್ಲ, ಇಳಿಯೋ ಹಕ್ಕಿಗೆ. ಬೊಗಸೆಗೆ ಮ್ಯಾಲಿಂದ ನೀರು ಹಾಕೋರು ಎಲ್ಲ ಊರಾಗೂ ಇದ್ರು.

ಇದು ನಮ್ಮ ಹೋರಾಟದ ನೆನಪಿನ ಪ್ರಶ್ನೆನೂ ಹೌದು. ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ನಮ್ಮ ಮನವಿಪತ್ರ, ದೂರು, ಕರಪತ್ರಗಳನ್ನ ಮೊಬೈಲ್‌ನ್ಯಾಗ ತೆರೆದ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣ್ತಾವ. ಯಾಕಂದ್ರ ಅಲ್ಲಿ ಕನ್ನಡವನ್ನ ಇಂಗ್ಲಿಷ್ ಅಕ್ಷರಗಳ ಜಾಗದಾಗ ಕೂರಿಸ್ಯಾರ. ಆ ಫಾಂಟ್ ಇಲ್ಲಂದ್ರ ಓದಾಕ ಬರಂಗಿಲ್ಲ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಸಿಕ್ಕಾಗ ಓದಾಕ ಬಂದದ್ದು, ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೇ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿ ಎಲ್ಲರ ಮುಂದೆ ಇಟ್ಟಿದ್ದಕ್ಕ.

ನಿಮ್ಮೂರಿನ ಹಳೇ ಫೈಲುಗಳನ್ನ ಈಗಲೇ ಯುನಿಕೋಡ್‌ಗೆ ಬದಲಿಸ್ರಿ. ಪರಿವರ್ತಕಗಳು ಮುಕ್ತವಾಗಿ ಸಿಗ್ತಾವ. ಕುಂತು ಆ ಕೆಲಸ ಮಾಡೋ ಹುಡುಗ-ಹುಡುಗಿಯರಿಗೆ ಮಾತ್ರ ಕೂಲಿ ಕೊಡ್ರಿ. ಸಾಫ್ಟ್‌ವೇರ್ ಮುಕ್ತ ಇರಲಿ, ದುಡಿಮೆ ಬಿಟ್ಟಿ ಆಗಬಾರದು.

ಜೈ ಭೀಮ್.