ಹೆಸರೊಂದನ್ನು ಬಿಟ್ಟರೆ ಸಾಕೇ?

ಪತ್ರಕರ್ತರೆಂದರೆ ನನಗೆ ಗೌರವವೇ. ಅವರು ಬರೆಯದೆ ಹೋಗಿದ್ದರೆ ಎಷ್ಟೋ ಹೆಣ್ಣುಮಕ್ಕಳ ಗೋಳು ಠಾಣೆಯ ಕಡತದಲ್ಲೇ ಕೊಳೆಯುತ್ತಿತ್ತು. ಆದರೂ ಅತ್ಯಾಚಾರದ ಸುದ್ದಿ ಬಂದಾಗ ಇವರಲ್ಲಿ ಕೆಲವರು ಆಡುವ ಮಾತು ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1972ರಲ್ಲಿ ಮಹಾರಾಷ್ಟ್ರದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಠಾಣೆಯಲ್ಲೇ ಅತ್ಯಾಚಾರವಾಯಿತು. 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನೂ ಬಿಟ್ಟುಬಿಟ್ಟಿತು. ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದಿದರು. ಇಂಥ ಹೆಣ್ಣಿನ ಗುರುತು ಹೊರಗೆಡವಿದರೆ ಎರಡು ವರ್ಷದವರೆಗೆ ಸೆರೆವಾಸ ಅಂತ ಸೇರಿಸಿದ್ದೂ ಆಗಲೇ. ವಿಚಿತ್ರ ನೋಡಿ, ಆ ಮೊಕದ್ದಮೆಯನ್ನು ಇವತ್ತಿಗೂ ಕರೆಯುವುದು ಆ ಹುಡುಗಿಯ ಹೆಸರಿನಿಂದಲೇ! ನಾನಂತೂ ಇಲ್ಲಿ ಬರೆಯಲಾರೆ.

2018ರಲ್ಲಿ ಕಠುವಾದ ಎಂಟು ವರ್ಷದ ಕೂಸಿನ ಹೆಸರು, ಭಾವಚಿತ್ರ ಎಲ್ಲ ಕಡೆ ಬಂತು. ದೆಹಲಿ ಹೈಕೋರ್ಟು 12 ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಗುರುತು ಹಿಡಿಯಲು ದೂರದ ಸುಳಿವನ್ನೂ ಕೊಡಕೂಡದು, ಹುಡುಗಿ ತೀರಿಕೊಂಡಿದ್ದರೂ ಕೂಡದು ಎಂದಿತು.

ಈ ಸುಳಿವಿನ ವಿಷಯವೇ ಮುಖ್ಯ, ಸೋದರಿಯರೇ. ನಮ್ಮೂರಿನ ಒಂದು ಪ್ರಕರಣದಲ್ಲಿ ವಾಹಿನಿಯ ವರದಿಗಾರರು "ಹೆಸರು ಹೇಳುವುದಿಲ್ಲ" ಎಂದು ದೊಡ್ಡದಾಗಿ ಹೇಳಿ, ಹುಡುಗಿಯ ಬೀದಿ, ಕಾಲೇಜು, ತಂದೆಯ ಅಂಗಡಿ ಎಲ್ಲವನ್ನೂ ಒದರಿದರು. ಸಣ್ಣ ಊರಲ್ಲಿ ಇನ್ನೇನು ಉಳಿಯಿತು? ಸಂಜೆಯೊಳಗೆ ಹಿಟ್ಟಿನ ಗಿರಣಿಯ ಸಾಲಿನಲ್ಲಿ ಅದೇ ಮಾತು. ಸಾಲದ್ದಕ್ಕೆ "ಕತ್ತಲಾದ ಮೇಲೆ ಅಲ್ಲಿಗೇಕೆ ಹೋಗಿದ್ದಳು?" ಅಂತ ಬೇರೆ ಕೇಳಿದರು. ಆಕೆಯ ತಾಯಿ ಸೊಪ್ಪು ಕೊಳ್ಳಲೂ ಹೊರಗೆ ಬರುವುದನ್ನು ಬಿಟ್ಟರು.

ನಮ್ಮ ಯಜಮಾನರು, "ಜನಕ್ಕೆ ವಿಷಯ ತಿಳೀಬೇಡ್ವೇನೇ?" ಅಂದರು. ತಿಳಿಯಲಿ ಅಂದ್ರೆ! ದೂರು ಕೊಟ್ಟು ಎಷ್ಟು ದಿನವಾಯಿತು, ಪೊಲೀಸರು ಏನು ಮಾಡಿದರು, ಅದನ್ನು ಕೇಳಲಿ. ಅಂಗಡಿಯ ವಿಳಾಸದಿಂದ ನ್ಯಾಯಕ್ಕೇನು ಲಾಭ?

ಹೆಸರು ಹೇಳಲೇಬಾರದೆಂಬ ಹಟವೂ ನನ್ನದಲ್ಲ. ದೆಹಲಿಯ 2012ರ ಪ್ರಕರಣದಲ್ಲಿ ಆ ತಾಯಿ 2015ರಲ್ಲಿ ತಾವೇ ಸಭೆಯಲ್ಲಿ ಮಗಳ ಹೆಸರು ಹೇಳಿದರು, ನಾಚಿಕೆಪಡಬೇಕಾದವರು ನಾವಲ್ಲ ಎಂದರು. ಹೆತ್ತ ಕರುಳು, ಹೇಳಿತು. ಮೈಕು ಹಿಡಿದವರಿಗೆ ಆ ಸಲಿಗೆ ಕೊಟ್ಟವರು ಯಾರು?

ನಾವು ಏಳೆಂಟು ಹೆಂಗಸರು ಸೇರಿ ಆ ವಾಹಿನಿಗೆ ಕಾಗದ ಬರೆದೆವು. ಉತ್ತರ ಬರಲಿಲ್ಲ. ಹದಿನೈದು ದಿನದ ಮೇಲೆ ಆ ವಿಡಿಯೋ ಮಾತ್ರ ತೆಗೆದರು.